ಇಲ್ಲ ಎನ್ನಲು ಬಲ್ಲ ಕೈಗಣಕವನ್ನು ಒದಗಿಸುವ ಬಗ್ಗೆ

ಹವಾಮಾನ ಇಲಾಖೆಯ ಕೇಂದ್ರ ಕಚೇರಿ, ರಾಜಧಾನಿ ಸುವಾ
ಸಂಖ್ಯೆ: ಗಾಳಿ/ಕೈಗಣಕ/ಮತ್ತೊಮ್ಮೆ/೭

ವಿಷಯ: ದ್ವೀಪಗಳ ಹವಾಮಾನ ಠಾಣೆಗಳಿಗೆ ಕೊಡುವ, ಹಲವು ಕೆಲಸಕ್ಕೆ ಒದಗುವ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಕೈಗಣಕದಲ್ಲಿ ಇರಬೇಕಾದ ಗುಣಗಳು.

ಉಲ್ಲೇಖ: (ಅ) ನಾವುಲೊ ದ್ವೀಪದ ಹವಾಮಾನ ವೀಕ್ಷಕಿ ಶ್ರೀಮತಿ ಲೊಸಲಿನಿಯವರ ಕೈಯಲ್ಲಿ ಸರ್ಕಾರದ ಕೈಗಣಕವು ಯಾವ ತಪಾಸಣೆಯಲ್ಲೂ ಕಂಡುಬಾರದ ಕಾರಣ, ಅವರ ಹುದ್ದೆಯನ್ನೇ ರದ್ದುಪಡಿಸಬೇಕೆಂಬ ಲೆಕ್ಕಶಾಖೆಯ ಪ್ರಸ್ತಾವ.
(ಆ) ಸದರಿಯವರ ಉತ್ತರ: "ನನ್ನ ಕೈಲಿಲ್ಲ, ನಿಜ. ಊರಲ್ಲೇ ಇದೆಯಲ್ಲ, ಓಡಿಹೋಗಿದೆಯಾ?"

ಪೀಠಿಕೆ: ನಿರ್ದೇಶಕರಿಗೆ ವಯಸ್ಸಾಯಿತು, ನಿನ್ನೆಯದನ್ನು ಇವತ್ತು ಹೇಳಲಾರರು ಎಂದು ಮತ್ತೇರಿಸುವ ಯಾಂಗೋನ ಬೇರಿನ ಪಾನೀಯದ ಬಟ್ಟಲಿನ ಸುತ್ತ ಕುಳಿತು ಆಡಿಕೊಳ್ಳುತ್ತಿರುವ ಸಿಬ್ಬಂದಿಗೆ ಈ ಮೂಲಕ ಛೀಮಾರಿ ಹಾಕಲಾಗಿದೆ. ಕೆಳಗಿನದೆಲ್ಲವನ್ನೂ ನೆನಪಿನಿಂದಲೇ ಹೇಳಿ ಬರೆಸಲಾಗಿದೆ. ನಂಬಿಕೆಯಿಲ್ಲದವರು ದೋಣಿ ಹತ್ತಿ ನಾವುಲೊಗೆ ಹೋಗಿ ಕೇಳಿಕೊಂಡು ಬರತಕ್ಕದ್ದು. ದೋಣಿಯಲ್ಲಿ ವಾಂತಿಯಾದರೆ ಇಲಾಖೆ ಹೊಣೆಯಲ್ಲ.

೧. ಕೈಗಣಕವು ಸಾಮಾನ್ಯ ತಿರುಪುಳಿಯಿಂದ ಬಿಚ್ಚುವಂತಿರಬೇಕು. ತಿರುಪುಳಿ ಇಲ್ಲದ ಕಡೆ ದಾಲೊ ಗೆಡ್ಡೆ ಹೆರೆಯುವ ಚಾಕುವಿನ ತುದಿ ಸಾಲಬೇಕು. ಹಲ್ಲಿನಿಂದ ಬಿಚ್ಚಿದ್ದಲ್ಲಿ, ಹಲ್ಲು ಅಲ್ಲಾಡುವವರೆಗೆ ಅದನ್ನು ಸರ್ಕಾರಿ ಸ್ವತ್ತಿಗೆ ಮಾಡಿದ ಹಾನಿಯೆಂದು ಪರಿಗಣಿಸತಕ್ಕದ್ದಲ್ಲ. ಅದನ್ನು ನಡೆಸುವ ಒಳಗಿನ ಬರಹವನ್ನೂ ಓದಬಲ್ಲವರು ಯಾರೇ ಆಗಲಿ ತಿದ್ದುವಂತಿರಬೇಕು.

೨. ಟಾರ್ಚಿನ ಸೆಲ್ಲಿನಲ್ಲಿ ನಡೆಯಬೇಕು. ಯಾರ ಟಾರ್ಚಿನಿಂದ ಸೆಲ್ಲು ತೆಗೆಯಲಾಯಿತೋ ಅವರು ಅಂದು ಬೇಗ ಮಲಗತಕ್ಕದ್ದು.

೩. ಒಂದೇ ಉಪಕರಣವು ಗಾಳಿಯ ಒತ್ತಡ ಅಳೆಯುವುದರ ಜೊತೆಗೆ ಚರ್ಚಿನ ಹಾಡಿಗೆ ಶ್ರುತಿ ಕೊಡುವುದು, ಚಾಪೆಯ ಅಂಚಿನ ಚಿತ್ತಾರ ತೋರಿಸುವುದು ಮತ್ತು ಯಾವ ಹಂದಿ ಯಾವ ಹಂದಿಯ ಮಗಳು ಎಂಬ ವಂಶಾವಳಿಯನ್ನು ಕಾಪಾಡುವುದು, ಇವಕ್ಕೂ ಒದಗಬೇಕು. ಒತ್ತಡ ಕುಸಿದ ಕೂಡಲೇ ಹಾಡು, ಚಿತ್ತಾರ, ಹಂದಿ ಎಲ್ಲವನ್ನೂ ಬದಿಗೊತ್ತಿ ಎಚ್ಚರಿಸಬೇಕು. "ಆಮೆನ್ ಅನ್ನೋಕಾದ್ರೂ ಬಿಡಿ ಸ್ವಾಮಿ!" ಎಂದು ಹಾಡುಗಾರರ ಮುಖ್ಯಸ್ಥರೂ ಲೊಸಲಿನಿಯವರ ಸೋದರಮಾವರೂ ಆದ ಶ್ರೀ ಅಪೆನಿಸಾ ಸಲ್ಲಿಸಿದ ಮನವಿಯನ್ನು ಪುರಸ್ಕರಿಸಲಾಗಿದೆ. ಆಮೆನ್ ಅನ್ನು ಎಳೆಯುವಂತಿಲ್ಲ.

೪. ಬೀಗ ಹಾಕಿದ ಉಪಕರಣವನ್ನು ಇನ್ನು ಮುಂದೆ ಖರೀದಿಸತಕ್ಕದ್ದಲ್ಲ. ಕಾರಣ ಹೀಗಿದೆ. ನೆಂಟರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನಬಾರದು ಎಂಬ ನಮ್ಮ ಕೆರೆಕೆರೆ ಪದ್ಧತಿಯಿಂದಾಗಿ ಕೈಗಣಕವು ಮನೆಯಿಂದ ಮನೆಗೆ ಹೋಗುತ್ತಿತ್ತು. ಲೊಸಲಿನಿಯವರು ಒತ್ತಡ ಓದುವ ಹೊತ್ತಿಗೆ ಕೋಳಿ ಹುಡುಕುವವರಂತೆ ಅಂಗಳದಿಂದ ಅಂಗಳಕ್ಕೆ ಅಲೆಯುತ್ತಿದ್ದರು. ಇದನ್ನು ತಪ್ಪಿಸಲು ಅವರ ಹೆಬ್ಬೆರಳಿಗೆ ಮಾತ್ರ ತೆರೆದುಕೊಳ್ಳುವ, ಎಲ್ಲ ಕಡೆ ಅಂಟು ಹಾಕಿ ಮುಚ್ಚಿದ ಉಪಕರಣವನ್ನು ಕಳುಹಿಸಿ ಇಲಾಖೆಯು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತ್ತು. ಆ ಉಪಕರಣವನ್ನು ಯಾವ ನೆಂಟರೂ ಕೇಳಲಿಲ್ಲ.

ಆದರೆ ಲೊಸಲಿನಿಯವರು ತೆಂಗಿನಕಾಯಿ ತುರಿಯುವಾಗ ಹೆಬ್ಬೆರಳನ್ನೂ ತುರಿದುಕೊಂಡರು. ಗಾಳಿ ತಿರುಗಿದ ದಿನ ಬೆರಳಿಗೆ ಬಟ್ಟೆ ಸುತ್ತಿತ್ತು, ಅವರ ಗಂಡನದೂ ಸೇರಿ ಊರಿನ ದೋಣಿಗಳೆಲ್ಲ ಹವಳದ ದಿಬ್ಬದ ಆಚೆಗಿದ್ದವು. ಉಪಕರಣವು ಒಡತಿಗೇ ಇಲ್ಲವೆಂದಿತು. "ನಾನೇ ಕಣೇ, ನಾನೇ! ನನ್ನ ಗುರುತಿಲ್ವಾ ನಿಂಗೆ?" ಎಂದು ಅವರು ಅದಕ್ಕೆ ಹೇಳಿದ್ದನ್ನು ನೆರೆಹೊರೆಯವರು ಕೇಳಿದ್ದಾರೆ.

ಸುವಾಗೆ ಹಿಂತಿರುಗಿಸಬೇಕಾಗಿದ್ದ ಹಳೆಯ ಕೈಗಣಕವು ನಿಯಮಬಾಹಿರವಾಗಿ ಚರ್ಚಿನಲ್ಲಿ ಶ್ರುತಿ ಕೊಡುತ್ತಿತ್ತು. ಅದು ಒತ್ತಡ ಕುಸಿದಿದೆಯೆಂದು ಕೂಗಿದ್ದರಿಂದ ಅಪೆನಿಸಾ ಹಾಡು ನಿಲ್ಲಿಸಿ, ದೋಣಿಗಳನ್ನು ಕರೆಯಲು ರೇಡಿಯೋದತ್ತ ಓಡಿದರು. ದೋಣಿಗಳು ಮರಳಿದವು. ನಿಯಮ ಮುರಿದದ್ದಕ್ಕೆ ಶ್ರೀ ಅಪೆನಿಸಾ ಅವರಿಗೆ ನೋಟಿಸನ್ನೂ, ಅದೇ ಲಕೋಟೆಯಲ್ಲಿ ಕೃತಜ್ಞತೆಯನ್ನೂ ಕಳುಹಿಸಲಾಗಿದೆ.

೫. ಮನುಷ್ಯರಿಗೆ ಸಾಧ್ಯವಾಗದ್ದರಿಂದ, ಕೇಳಿದವರಿಗೆ ಇಲ್ಲವೆನ್ನುವ ಕೆಲಸವನ್ನು ಕೈಗಣಕವೇ ವಹಿಸಿಕೊಳ್ಳತಕ್ಕದ್ದೆಂದು ಆಮೇಲೆ ಆದೇಶಿಸಿ, ಬೀಗವಿಲ್ಲದ ಹೊಸದೊಂದನ್ನು ನಾವುಲೊಗೆ ಕಳುಹಿಸಲಾಗಿತ್ತು. ಪರೀಕ್ಷೆಯ ವೇಳೆ ಅದು "ಕ್ಷಮಿಸಿ, ಕೊಡಲಾಗದು" ಎಂದಾಗ, ಹಂದಿಗಳ ವಂಶಾವಳಿಯ ಒಡತಿ ಬುಬು ಮೆರೆಸೇನಿ, ಅಂದರೆ ಊರಿಗೆಲ್ಲ ಅಜ್ಜಿ, "ನಂಗೇ ಇಲ್ಲ ಅನ್ನುತ್ತಾ? ಇದನ್ನ ಹೆತ್ತೋರು ಯಾರು, ಕರೀರಿ ಇಲ್ಲಿ!" ಎಂದು ಕೇಳಿದರು. ಹೆತ್ತವರ ಸ್ಥಾನದಲ್ಲಿರುವ ಇಲಾಖೆಯು ತಲೆ ತಗ್ಗಿಸಿತು.

ಅಂದೇ ಅಪೆನಿಸಾ ಅದನ್ನು ಬಿಚ್ಚಿ, ಒಳಗಿನ ಬರಹ ತಿದ್ದಿದರು. ಈಗ ಅದು ಕೇಳಿದವರಿಗೆ, "ತಗೊಂಡ್ಹೋಗಿ. ಆದ್ರೆ ನನ್ನನ್ನ ಇಟ್ಕೊಂಡೋರೇ ಒತ್ತಡ ಓದಿ ಲೊಸಲಿನಿಗೆ ಕೂಗಿ ಹೇಳ್ಬೇಕು" ಎನ್ನುತ್ತದೆ. ಖಂಡ ೧ರ ಪ್ರಕಾರ ಇದರಲ್ಲಿ ತಪ್ಪು ಕಂಡುಬಂದಿಲ್ಲ. ಬುಬು ದಿನವೂ ಓದುತ್ತಿದ್ದಾರೆ, ಒತ್ತಡದ ಜೊತೆಗೆ ಬೈಗುಳವನ್ನೂ ಕೂಗುತ್ತಿದ್ದಾರೆ. ಬೈಗುಳವನ್ನು ಸುವಾಗೆ ರವಾನಿಸತಕ್ಕದ್ದಲ್ಲ.

೬. ಊರೇ ಒತ್ತಡ ಓದುವುದಾದರೆ ವೀಕ್ಷಕಿ ಏಕೆ ಎಂದು ಲೆಕ್ಕಶಾಖೆಯು ತನ್ನ ಪ್ರಸ್ತಾವವನ್ನು ಇನ್ನಷ್ಟು ಗಟ್ಟಿಗೊಳಿಸಿ ಸಹಿಗೆ ಮಂಡಿಸಿತು. ಊರಿನವರು ಕೂಗಿದ್ದರಲ್ಲಿ ಯಾವುದು ಗಾಳಿ, ಯಾವುದು ಗಾಳಿಮಾತು ಎಂದು ಬೇರ್ಪಡಿಸಿ, ಯಾವ ದೋಣಿ ಹೋಗಬಹುದು, ಯಾವುದು ನಿಲ್ಲಬೇಕು ಎಂದು ಹೇಳುವವರು ಲೊಸಲಿನಿ ಒಬ್ಬರೇ ಎಂಬ ಅಂಶಕ್ಕೆ ಲೆಕ್ಕಶಾಖೆಯ ನಮೂನೆಯಲ್ಲಿ ಜಾಗವಿರಲಿಲ್ಲ.

೭. ನಿರ್ದೇಶಕರು ಸಹಿ ಮಾಡಲು ಪೆನ್ನು ಎತ್ತಿದ್ದಾಗ ಲೊಸಲಿನಿಯವರು ದೋಣಿಯಿಳಿದು ನೇರವಾಗಿ ಕಚೇರಿಗೆ ಬಂದು, ಚಾಪೆಯ ಮೇಲೆ ಕುಳಿತು, ಹಿರಿಯರಲ್ಲಿ ಏನನ್ನಾದರೂ ಕೇಳಲು ಬಂದವರ ಪದ್ಧತಿಯಂತೆ ಯಾಂಗೋನ ಬೇರಿನ ಕಟ್ಟನ್ನು ಮುಂದಿಟ್ಟರು. ಅವರ ತಂದೆಯೂ ಕೆಳಗೆ ಸಹಿ ಮಾಡಿರುವವರೂ ದಾಯಾದಿಗಳೆಂಬುದು ಕಚೇರಿಗೆಲ್ಲ ಗೊತ್ತಿರುವ ಸಂಗತಿ. ಅವರು ಹುದ್ದೆಯ ವಿಷಯವನ್ನೇ ಎತ್ತಲಿಲ್ಲ. "ದೊಡ್ಡಪ್ಪ, ನಿಮ್ಮ ಮೇಜಿನ ಮೇಲಿರೋ ಆ ಪ್ರಸ್ತಾವ ನಂಗೆ ಬೇಕು. ಕೆರೆಕೆರೆ" ಎಂದಷ್ಟೇ ಕೇಳಿದರು.

ಲೆಕ್ಕಶಾಖೆಯ ಮುಖ್ಯಸ್ಥರು ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಪ್ರಸ್ತಾವವನ್ನು ಕೊಡಲಾಯಿತು.

೮. ಆದುದರಿಂದ ಸದರಿ ಪ್ರಸ್ತಾವವು ಈಗ ಕಚೇರಿಯಲ್ಲಿ ಲಭ್ಯವಿಲ್ಲ. ಇಲ್ಲದ ಕಾಗದಕ್ಕೆ ಸಹಿ ಹಾಕಲು ಬರುವುದಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಲೆಕ್ಕಶಾಖೆಗೆ ಕಟ್ಟುನಿಟ್ಟಾಗಿ ತಿಳಿಸಲಾಗಿದೆ. ಲೊಸಲಿನಿಯವರು ಎಂದಿನಂತೆ ಕರ್ತವ್ಯದಲ್ಲಿ ಮುಂದುವರಿಯತಕ್ಕದ್ದು.

೯. ಈ ಸುತ್ತೋಲೆಯನ್ನು ಕಡತಕ್ಕೆ ಸೇರಿಸಿ ಕಟ್ಟಿಡತಕ್ಕದ್ದಲ್ಲ. ಓದಿದವರು ಪಕ್ಕದ ದ್ವೀಪದವರಿಗೆ ಓದಿ ಹೇಳಿ, ಅವರಿಂದ ಅದರಾಚೆಯವರಿಗೂ ಹೇಳಿಸಬೇಕೆಂದು ಕೋರಲಾಗಿದೆ.

(ಸಹಿ)
ಸೆಮೀಸಿ ರೋಕೊಸೂಕ
ನಿರ್ದೇಶಕರು

ಪ್ರತಿಗಳು:
ಶ್ರೀಮತಿ ಲೊಸಲಿನಿ, ನಾವುಲೊ: ಮಾಹಿತಿಗಾಗಿ.
ಶ್ರೀ ಅಪೆನಿಸಾ: ಹಾಡಿನ ನಡುವೆ ಓದಕೂಡದೆಂಬ ಸೂಚನೆಯೊಂದಿಗೆ.
ಬುಬು ಮೆರೆಸೇನಿ: ಕ್ಷಮಾಪಣೆಯೊಂದಿಗೆ.
ಲೆಕ್ಕಶಾಖೆ: ಕೆಮ್ಮಿಗೆ ಔಷಧಿಯೊಂದಿಗೆ.