ನಗುಮುಖ ಸಾರ್ ನಿಜ ಹೇಳಿದ್ದು

ಕ್ಯಾಶಿಯರಮ್ಮ ಎಂದಿನಂತೆ "ಹೇಗಿದ್ದೀರಿ ಸಾರ್?" ಎಂದು ಕೇಳಿದರು. ಹಾಗೆ ಕೇಳಿ, ಉತ್ತರಕ್ಕೆ ಕಾಯದೆ ಫ್ಯಾನು ಹಾಕಿಕೊಳ್ಳುವುದು ಅವರ ರೂಢಿ. ಅವತ್ತು ಎಡವಟ್ಟಾದದ್ದು ಇಷ್ಟೇ: ನಗುಮುಖ ಸಾರ್ ಉತ್ತರ ಕೊಟ್ಟುಬಿಟ್ಟರು.

"ಚೆನ್ನಾಗಿಲ್ಲ ಮೇಡಂ. ಈ ಟ್ಯೂಬ್‌ಲೈಟು ಗುಂಯ್ ಅನ್ನೋದು ನನ್ನ ತಲೆಯೊಳಗೇ ಕೇಳಿದ ಹಾಗಿರುತ್ತೆ. ನಿಮ್ಮ ಸೆಂಟಿಗೆ ಹಲ್ಲು ಜುಮ್ ಅನ್ನುತ್ತೆ. ಬೆಳಿಗ್ಗೆ ಬೆಳಿಗ್ಗೆ ಮಾತಾಡೋದು ನನ್ನ ಕೈಲಿ ಆಗಲ್ಲ."

ಕ್ಯಾಶಿಯರಮ್ಮನ ಬೆರಳು ಸ್ವಿಚ್ಚಿನ ಮೇಲೆ ಹಾಗೇ ನಿಂತಿತು.

ಅದು ಲಿಫ್ಟ್ ರಿಪೇರಿ ಕಂಪನಿಯ ಆಫೀಸು. ಎಲ್ಲಿ ಲಿಫ್ಟು ಕೆಟ್ಟರೂ ಫೋನು ಬರುವುದು ನಗುಮುಖ ಸಾರ್ ಮೇಜಿಗೆ. ಮೆಕ್ಯಾನಿಕ್ಕನ್ನು ಓಡಿಸುವವರೂ ಅವರೇ. ಯಾರು ಏನು ಜೋಕು ಹೇಳಿದರೂ ಮೊದಲು ನಗುವವರು ಅವರು, ಅದಕ್ಕೇ ಆ ಹೆಸರು. ಆ ನಗುವಿನ ಹಿಂದಿನ ದುಡಿಮೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಜನ ಯಾವಾಗ ನಗುತ್ತಾರೆ, ಎಷ್ಟು ಹೊತ್ತಿಗೆ ನಿಲ್ಲಿಸುತ್ತಾರೆ ಎಂಬುದನ್ನು ಅವರು ಹುಡುಗನಿದ್ದಾಗಿನಿಂದ ಮಗ್ಗಿಯಂತೆ ಉರುಹೊಡೆದಿದ್ದರು. ಎದುರಿನವರ ಕಣ್ಣು ನೋಡಲಾಗದೆ ಹುಬ್ಬು ನೋಡುತ್ತಿದ್ದರು. ಸಂಜೆ ಮನೆ ಸೇರುವ ಹೊತ್ತಿಗೆ ಹಿಂಡಿಟ್ಟ ಒರೆಸುವ ಬಟ್ಟೆಯಂತಾಗಿರುತ್ತಿದ್ದರು.

ತಲೆ ನರೆತ ಮೇಲೆ ಡಾಕ್ಟರಮ್ಮ ಹೇಳಿದರು, ಇದು ಆಟಿಸಂ, ಹುಟ್ಟಿನಿಂದಲೂ ಇತ್ತು ಎಂದು. ಹೆಂಡತಿ "ಓ, ಅದಕ್ಕಾ" ಎಂದು ಸುಮ್ಮನಾದಳು. ಸುಮ್ಮನಾಗದವರು ನಗುಮುಖ ಸಾರ್. ಊರನ್ನೆಲ್ಲ ಯಾಮಾರಿಸಿದವನು ಡಾಕ್ಟರಮ್ಮನನ್ನೂ ಯಾಮಾರಿಸಿರಬಹುದಲ್ಲ? ಈ ಅನುಮಾನ ಹೊತ್ತು ಮತ್ತೆ ಮತ್ತೆ ಆಕೆಯ ಬಾಗಿಲಿಗೆ ಹೋದರು. ಕೊನೆಗೆ ಆಕೆ, ದಿನಕ್ಕೊಂದು ಸಣ್ಣ ಪ್ರಶ್ನೆಗಾದರೂ ನಿಜವಾದ ಉತ್ತರ ಕೊಟ್ಟು ನೋಡಿ, ಹಗುರಾಗುತ್ತದೆ ಎಂದು ಹೇಳಿ ಕಳಿಸಿದ್ದರು.

ಹಗುರಾಗುವ ಲಕ್ಷಣ ಕಾಣಲಿಲ್ಲ. ಟೀ ಬರುವಷ್ಟರಲ್ಲಿ ಸುದ್ದಿ ಆಫೀಸು ತುಂಬ ಹರಡಿತ್ತು. ಬಿಡಿಭಾಗಗಳ ಲೆಕ್ಕ ನೋಡುವ ಸ್ಟೋರ್ಸಿನವರು ಪರೀಕ್ಷಿಸಲೆಂದೇ ಬಂದು, ಲಿಫ್ಟಿನಲ್ಲಿ ಸಿಕ್ಕಿಕೊಂಡ ದಪ್ಪ ಮನುಷ್ಯನ ಜೋಕು ಹೇಳಿದರು. ಇದನ್ನು ಹೋದ ವಾರವೂ ಹೇಳಿದ್ದಿರಿ ಎಂದು ನಗುಮುಖ ಸಾರ್ ನೆನಪಿಸಿದರು. ಸ್ಟೋರ್ಸಿನವರು ನಾಡಿ ಸಿಗದ ವೈದ್ಯರಂತೆ ತಲೆಯಾಡಿಸುತ್ತ ಹಿಂದಿರುಗಿ, ಮನೆಯಲ್ಲಿ ಏನೋ ಆಗಿದೆ ಎಂದು ತೀರ್ಪು ಕೊಟ್ಟರು.

ಕ್ಯಾಶಿಯರಮ್ಮ ಮನೆಗೇ ಫೋನು ಮಾಡಿದರು. ಏನೂ ಆಗಿಲ್ಲವಲ್ಲ, ಅವರು ಮನೆಯಲ್ಲಿ ಬಾಯೇ ಬಿಡುವುದಿಲ್ಲ, ಮೂಲೆಯಲ್ಲಿ ಕೂತಿರುತ್ತಾರೆ, ನಗುವುದನ್ನು ನಾನು ನೋಡಿದ್ದೇ ಕಡಿಮೆ ಎಂದಳು ಹೆಂಡತಿ. ಕ್ಯಾಶಿಯರಮ್ಮ ರಾಂಗ್ ನಂಬರ್ ಎಂದುಕೊಂಡು ಫೋನಿಟ್ಟರು.

ಇಂಥ ಹೊತ್ತಿನಲ್ಲಿ ಮನುಷ್ಯನನ್ನು ಒಂಟಿಯಾಗಿ ಬಿಡಬಾರದು ಎಂದು ಎಲ್ಲರೂ ನಿರ್ಧರಿಸಿದರು. ಕುರ್ಚಿಗಳು ಬಂದು ಅವರ ಮೇಜನ್ನು ಸುತ್ತುವರಿದವು. ಕತ್ತಲಿಗೆ ಮನಸ್ಸು ಕುಗ್ಗುತ್ತದೆಂದು ಯಾರೋ ಇನ್ನೊಂದು ಟ್ಯೂಬ್‌ಲೈಟ್ ಹಾಕಿದರು. ಇನ್ಯಾರೋ ಮೊಬೈಲಿನಲ್ಲಿ ಹಾಡು ಹಚ್ಚಿದರು. ಪಾಪ, ಕ್ಯಾಶಿಯರಮ್ಮ ತಮ್ಮ ಸೆಂಟಿನ ವಾಸನೆ ಹೋಗಲೆಂದು ಸುತ್ತಲೂ ರೂಂ ಫ್ರೆಶ್ನರ್ ಹೊಡೆದರು. ನಗುಮುಖ ಸಾರ್ ಮೇಜಿಗೆ ಹಣೆಯಾನಿಸಿದರು. ಅಳುತ್ತಿದ್ದಾರೆ ಎಂದು ಪಿಸುಗುಟ್ಟಿ ಸ್ಟೋರ್ಸಿನವರು ಬೆನ್ನು ತಟ್ಟತೊಡಗಿದರು.

ಅಷ್ಟರಲ್ಲಿ ಫೋನು ರಿಂಗಾಯಿತು. ಎಲ್ಲೋ ಲಿಫ್ಟಿನಲ್ಲಿ ಸಿಕ್ಕಿಕೊಂಡ ಗಿರಾಕಿ. ಒಬ್ಬನೇ ಇದ್ದೀನಿ, ಪೂರ್ತಿ ಕತ್ತಲು, ಒಂದು ಸದ್ದೂ ಇಲ್ಲ ಎಂದು ಗೋಳಾಡಿದ.

"ನಿಮ್ಮ ಪುಣ್ಯ," ಎಂದರು ನಗುಮುಖ ಸಾರ್.

ಮೆಕ್ಯಾನಿಕ್ಕನ್ನು ತಕ್ಷಣ ಕಳಿಸಿದರು ನಿಜ. ಆದರೆ ಗಿರಾಕಿ ಹೊರಬಂದವನೇ ಮ್ಯಾನೇಜರಿಗೆ ಫೋನು ಮಾಡಿದ. ಮ್ಯಾನೇಜರು ಕರೆಸಿ, ಕೆಲಸ ಬೇಕೋ ಬೇಡವೋ ಎಂದು ವಿಚಾರಿಸಿದರು. ನಗುಮುಖ ಸಾರ್ ಮ್ಯಾನೇಜರ ಹುಬ್ಬು ನೋಡುತ್ತ ಆಟಿಸಂ ವಿಷಯವೆಲ್ಲ ಹೇಳಿಬಿಟ್ಟರು.

"ನಿಮಗಾ? ಪಿಕ್ನಿಕ್ಕಲ್ಲಿ ಎಲ್ಲರಿಗಿಂತ ಮೊದಲು ಕುಣಿದವರು ನೀವೇ ಅಲ್ವೇನ್ರೀ?"

ಕುಣಿದಿದ್ದರು. ಮರುದಿನವಿಡೀ ಕಿಟಕಿ ಪರದೆ ಎಳೆದುಕೊಂಡು ಮಲಗಿಯೂ ಇದ್ದರು. ಆದರೂ ಆ ಮಾತಿಗೆ ಅವರಿಗೇ ಅನುಮಾನ ಹತ್ತಿತು. ಹೌದಲ್ಲ, ಕುಣಿದೆನಲ್ಲ. ಬಹುಶಃ ನಾನು ಬರೀ ಸೋಮಾರಿಯೋ ಏನೋ.

ಡಾಕ್ಟರೇ ಹೇಳಿದ್ದಾರೆ ಎಂದು ತಿಳಿದ ಮೇಲೆ ಮ್ಯಾನೇಜರ ಮುಖ ನಿಧಾನಕ್ಕೆ ಅರಳಿತು. ಎಲ್ಲ ಬಗೆಯವರಿಗೂ ಕೆಲಸ ಕೊಟ್ಟಿದ್ದೇವೆ ಎಂದು ಹೇಳಿಕೊಳ್ಳಬೇಕು, ನಿಮ್ಮಲ್ಲಿ ಇಂಥವರು ಯಾರಾದರೂ ಇದ್ದರೆ ತೋರಿಸಿ ಎಂದು ಹೆಡ್ಡಾಫೀಸಿನವರು ವರ್ಷದಿಂದ ಪೀಡಿಸುತ್ತಿದ್ದರಂತೆ. ಬರುವ ಸೋಮವಾರ ಅವರೇ ಬರುವವರಿದ್ದರು. ಅವರೆದುರು ಮೈಕಿನಲ್ಲಿ, ತೋರಿಕೆ ಬಿಟ್ಟು ಬದುಕುವುದು ಹೇಗೆ ಎಂದು ನಗುಮುಖ ಸಾರ್ ಮಾತಾಡಬೇಕು. ಅವರು ನಂಬಿದರೆ ಹಿಂದುಗಡೆಯ ಸಣ್ಣ ಕೋಣೆ ನಗುಮುಖ ಸಾರ್‌ಗೆ: ಟ್ಯೂಬ್‌ಲೈಟಿಲ್ಲ, ಪಕ್ಕದಲ್ಲಿ ಜನರಿಲ್ಲ. ನಂಬದಿದ್ದರೆ ಗಿರಾಕಿಯ ದೂರು ಮೇಲಕ್ಕೆ ಹೋಗುತ್ತದೆ.

ಆ ಕೋಣೆಯನ್ನು ನೆನೆದೇ ನಗುಮುಖ ಸಾರ್‌ಗೆ ಬಾಯಲ್ಲಿ ನೀರೂರಿತು.

ಮಧ್ಯಾಹ್ನವೇ ರಿಹರ್ಸಲ್ ಇಟ್ಟರು. ಎಲ್ಲರೂ ಎದುರು ಕೂತದ್ದೇ ತಡ, ಹಳೆಯ ಅಭ್ಯಾಸ ತಾನೇ ಎದ್ದು ನಿಂತಿತು. ನಗುಮುಖ ಸಾರ್ ಒಂದು ಜೋಕಿನಿಂದ ಶುರುಮಾಡಿ, ಬೇಕಾದಲ್ಲಿ ದನಿ ತಗ್ಗಿಸಿ, ತಕ್ಕ ಜಾಗದಲ್ಲಿ ಮುಗುಳ್ನಕ್ಕು, ಮನುಷ್ಯರೊಡನೆ ಬೆರೆಯುವುದು ತಮಗೆಷ್ಟು ಕಷ್ಟ ಎಂದು ಮನಮುಟ್ಟುವಂತೆ ವಿವರಿಸಿದರು. ಭಾರಿ ಚಪ್ಪಾಳೆ ಬಿತ್ತು. ಮ್ಯಾನೇಜರೊಬ್ಬರೇ ತಲೆ ಮೇಲೆ ಕೈ ಹೊತ್ತು ಕೂತರು.

"ಹೀಗೆ ಮಾತಾಡಿದ್ರೆ ಯಾರು ನಂಬ್ತಾರ್ರೀ? ಸ್ವಲ್ಪ ತಡವರಿಸಿ."

ಸಿನಿಮಾದಲ್ಲಿ ಇಂಥವರು ಸೂರು ನೋಡುತ್ತಾರೆ ಎಂದು ಸ್ಟೋರ್ಸಿನವರು ಹೇಳಿಕೊಟ್ಟರು. ನಗುಮುಖ ಸಾರ್ ಸೂರು ನೋಡಿದರು. ಹಲ್ಲಿ ಹುಡುಕಿದ ಹಾಗಿದೆ ಎಂದು ಕ್ಯಾಶಿಯರಮ್ಮ ಬೇಜಾರು ಪಟ್ಟುಕೊಂಡರು. ಮನೆಯಲ್ಲಿ ಚೆನ್ನಾಗಿ ಪ್ರಾಕ್ಟೀಸ್ ಮಾಡಿಕೊಂಡು ಬನ್ನಿ ಎಂದು ಎಲ್ಲರೂ ಹುರಿದುಂಬಿಸಿ ಕಳಿಸಿಕೊಟ್ಟರು.

ಸಂಜೆ ಕನ್ನಡಿ ಮುಂದೆ ನಿಂತರು. ಪಕ್ಕದಲ್ಲಿ ಬೀನ್ಸು ಬಿಡಿಸುತ್ತ ಕೂತ ಹೆಂಡತಿಯೇ ತೀರ್ಪುಗಾರಳು. ಮುಖ ಗಂಟಿಕ್ಕಿದರು. ಮಾತಿನ ಮಧ್ಯೆ ಸುಮ್ಮನೆ ನಿಂತರು. ಗೋಡೆ ನೋಡಿ ಮಾತಾಡಿದರು. ಮತ್ತೆ ಮರೆತು ನಕ್ಕರು. ಪ್ರತಿಸಲವೂ ಹೆಂಡತಿ ಒಂದು ಬೀನ್ಸನ್ನು ಮೇಲೆತ್ತಿ, ಪರವಾಗಿಲ್ಲ ಎಂಬಂತೆ ಅಲ್ಲಾಡಿಸಿದಳು.

ಕೊನೆಗೆ ಸಾಕಾಗಿಹೋಯಿತು. ನಗುಮುಖ ಸಾರ್ ನೆಲದ ಮೇಲೆ ಕುಸಿದು ಕೂತರು. ಬಿಗಿದಿದ್ದ ಮುಖ, ಗಂಟು ಬಿಚ್ಚಿದ ಮೂಟೆಯಂತೆ ಸಡಿಲಾಯಿತು. ಕಣ್ಣು ಪರದೆಯ ಅಂಚಿಗೆ ಹೋಗಿ ಅಲ್ಲೇ ನೆಟ್ಟುನಿಂತಿತು. ಬಚ್ಚಲುಮನೆಯ ಚಿಲಕ ಹಾಕಿಕೊಂಡಾಗ ಮಾತ್ರ ಮಾಡುತ್ತಿದ್ದಂತೆ ಬೆರಳುಗಳು ಕಿವಿಯ ಪಕ್ಕ ಪಟಪಟ ಬಡಿದುಕೊಳ್ಳತೊಡಗಿದವು. ಮೈ ಮೆಲ್ಲಗೆ ಹಿಂದೆ ಮುಂದೆ ತೂಗಿತು. ಎದೆಯೊಳಗೆ ಏನೋ ತಣ್ಣಗಾಯಿತು. ಇನ್ನೊಬ್ಬರೆದುರು ಹೀಗೆ ಇದ್ದದ್ದು ಜೀವಮಾನದಲ್ಲೇ ಮೊದಲು. ಹೌದು, ಡಾಕ್ಟರಮ್ಮ ಹೇಳಿದ್ದು ಸರಿ, ಇದು ನಾನೇ ಎಂದು ಅವರಿಗೆ ಅನುಮಾನವಿಲ್ಲದೆ ಅನ್ನಿಸಿತು. ಕಣ್ಣು ತೇವವಾಯಿತು.

ಹೆಂಡತಿ ಬೀನ್ಸಿನ ತಟ್ಟೆ ಕೆಳಗಿಟ್ಟು ಹತ್ತಿರ ಸರಿದು ಕೂತಳು.

"ಇದೊಂದು ಬೇಡ ಕಣ್ರೀ," ಎಂದಳು ಮೃದುವಾಗಿ. "ತೀರಾ ಓವರ್ ಆಯ್ತು. ಆಗ ಮಧ್ಯೆ ನಕ್ಕಿರಲ್ಲ, ಅದನ್ನೇ ಇಟ್ಕೊಳ್ಳಿ. ಅದು ಸಹಜವಾಗಿತ್ತು."