ಚಂಡಮಾರುತದ ಅಧಿಕೃತ ಪ್ರತಿನಿಧಿ

ರೇಡಿಯೋದಲ್ಲಿ ಯಾರ ಮೇಲೆ ಆಪಾದನೆ ಬಂದರೂ ಅವರಿಗೂ ಅಷ್ಟೇ ಹೊತ್ತು ಉತ್ತರಿಸುವ ಅವಕಾಶ ಕೊಡತಕ್ಕದ್ದು ಎಂಬುದು ನಮ್ಮ ರಾಷ್ಟ್ರೀಯ ಸಂವಹನ ಮತ್ತು ಪ್ರಸಾರ ನಿಯಂತ್ರಣ ಪ್ರಾಧಿಕಾರದ ಹದಿನಾಲ್ಕನೆಯ ನಿಯಮ.

ಮೊಟುಲೋವ ದ್ವೀಪದ ರೇಡಿಯೋದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಾತಾಡುತ್ತಿರುವ ಲೆಸಿಯೆಲಿ ಕಳೆದ ಮಾರ್ಚಿನಲ್ಲಿ ಈ ನಿಯಮವನ್ನು ಮುರಿದಳು. ಚಂಡಮಾರುತ ಬರುತ್ತಿದೆ, ದೋಣಿಗಳನ್ನು ದಡದ ಮೇಲಕ್ಕೆಳೆಯಿರಿ, ಚಾವಣಿಗೆ ಹಗ್ಗ ಬಿಗಿಯಿರಿ, ಎಲ್ಲರೂ ಚರ್ಚಿಗೆ ಬನ್ನಿ ಎಂದು ಇಪ್ಪತ್ತು ನಿಮಿಷ ಹೇಳಿದಳು. ನಾವು ಹಾಗೇ ಮಾಡಿದೆವು. ಬಾಳೆತೋಟಗಳು ಮಲಗಿದವು, ಮೂರು ಚಾವಣಿ ಹಾರಿದವು, ಯಾರೂ ಸಾಯಲಿಲ್ಲ.

ಗಾಳಿಗಾಲಕ್ಕೆಂದು ಎರಡು ದೋಣಿ ತುಂಬ ಚಾವಣಿಯ ತಗಡು ತರಿಸಿಟ್ಟಿದ್ದ ವ್ಯಾಪಾರಿ ಸೆಮಿಸಿಗೆ, ಹಾರಿದ್ದು ಮೂರೇ ಚಾವಣಿಯೆಂದು ಬೇಸರವಾಯಿತು. ದೂರು ಬರೆದ. ರಾಜಧಾನಿಯಿಂದ ಎರಡು ದಿನ ಹಡಗಿನಲ್ಲಿ ಕೂತು ತನಿಖಾಧಿಕಾರಿ ಫೆಲೆಟಿ ಬಂದಿಳಿದ. ಲೆಸಿಯೆಲಿ ಬಡಿಸಿದ ಕಾಯಿಹಾಲಿನ ಕೆಸುವಿನೆಲೆ ತಿನ್ನುತ್ತಲೇ ವಿಚಾರಣೆ ಶುರುಮಾಡಿದ.

"ಅಕ್ಕಾ, ಇಪ್ಪತ್ತು ನಿಮಿಷ ಚಂಡಮಾರುತದ ಬಗ್ಗೆ ಬರೀ ಕೆಟ್ಟದ್ದೇ ಹೇಳಿದೀರಿ."

"ಒಳ್ಳೇದೇನಿತ್ತಪ್ಪಾ ಹೇಳೋಕೆ?"

"ಅದನ್ನ ಅದರ ಹತ್ರಾನೇ ಕೇಳಬೇಕಿತ್ತು."

"ಕೇಳೋಕೆ ಹೊರಗೆ ಹೋಗಿದ್ರೆ, ನನ್ನ ವಿಚಾರಣೆಗೆ ನೀನು ಪಕ್ಕದ ದ್ವೀಪಕ್ಕೆ ಹೋಗಬೇಕಾಗ್ತಿತ್ತು."

ಫೆಲೆಟಿ ಅದನ್ನೂ ಬರೆದುಕೊಂಡ. "ಪರವಾನಗಿ ಬೇಕೋ ಬೇಡ್ವೋ?"

ರೇಡಿಯೋ ಮುಚ್ಚಿದರೆ ಮುಂದಿನ ಗಾಳಿ ಹೇಳದೆ ಕೇಳದೆ ಬರುತ್ತದೆಂದು ಲೆಸಿಯೆಲಿಗೆ ಗೊತ್ತಿತ್ತು. ಅವನ ತಟ್ಟೆಗೆ ಇನ್ನಷ್ಟು ಬಡಿಸಿ ಕೇಳಿದಳು: "ಆಯ್ತು, ಅದರ ಪರವಾಗಿ ಯಾರು ಮಾತಾಡ್ತಾರೆ?"

ಅರ್ಜಿ ಕರೆಯಲಾಯಿತು. ಬಂದದ್ದು ಒಂದೇ, ಸೆಮಿಸಿಯದು. ಸರ್ವಾನುಮತದಿಂದ ಅಂಗೀಕಾರವಾಯಿತು.

ಡಿಸೆಂಬರಿನಲ್ಲಿ ಮತ್ತೊಂದು ಚಂಡಮಾರುತ ಬಂತು. ಲೆಸಿಯೆಲಿ ಹತ್ತು ನಿಮಿಷ ಎಚ್ಚರಿಕೆ ಓದಿ, "ಇನ್ನು ಅವರ ಕಡೆಯವರು" ಎಂದು ಮೈಕು ಬಿಟ್ಟುಕೊಟ್ಟಳು.

"ಬರ್ತಿರೋದು ಬರೀ ಗಾಳಿ ಕಣ್ರೀ," ಎಂದ ಸೆಮಿಸಿ. "ಹಗ್ಗ ಯಾಕೆ ದಂಡ ಮಾಡ್ತೀರಾ? ಕಿಟಕಿ ತೆಗೆದಿಡಿ, ಸೆಕೆ ಕಮ್ಮಿಯಾಗುತ್ತೆ."

ಅವನು ಮಾತಾಡಿದ ಹತ್ತು ನಿಮಿಷದಲ್ಲಿ ನಾವು ಉಳಿದ ಗಂಟುಗಳನ್ನೆಲ್ಲ ಬಿಗಿದು ಮುಗಿಸಿದೆವು. ಊರಲ್ಲಿ ಹಗ್ಗವಿಲ್ಲದೆ ನಿಂತಿದ್ದುದು ಸೆಮಿಸಿಯ ಉಗ್ರಾಣವೊಂದೇ; ಕಟ್ಟಬೇಕಾದವನು ಪ್ರಸಾರದಲ್ಲಿದ್ದ. ಅದರ ಚಾವಣಿ ಹಾರಿತು, ಹಿಂದೆಯೇ ಒಳಗಿದ್ದ ತಗಡೆಲ್ಲ ಸಮುದ್ರ ಸೇರಿತು.

ಮರುದಿನ ಅವನ ಹೆಂಡತಿ ಪಿಸಿಲಾ ಬಂದು ರೇಡಿಯೋದಲ್ಲಿ ಚಂಡಮಾರುತವನ್ನು ಹತ್ತು ನಿಮಿಷ ಬೈದಳು, ನಡುನಡುವೆ ಗಂಡನನ್ನೂ. ನಿಯಮದಂತೆ ಉತ್ತರಿಸಲು ಅಧಿಕೃತ ಪ್ರತಿನಿಧಿಯನ್ನು ಕರೆಯಲಾಯಿತು. ಸೆಮಿಸಿ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡ.

"ನಮ್ಮ ಕಕ್ಷಿದಾರರು ಆ ಚಾವಣಿಯನ್ನು ಮುಟ್ಟಿಲ್ಲ. ಅದು ತಾನಾಗಿಯೇ ಹೋಗಿದೆ."

ಎರಡೂ ಕಡೆಯ ಮಾತು ಕೇಳಿದ್ದು ಒಳ್ಳೆಯದಾಯಿತೆಂದು ನಾವೆಲ್ಲ ಒಪ್ಪಿದೆವು.