ಬುಧವಾರದ ನಡುಕ

ಅಬ್ನರ್ ಪೀಸ್ಲಿಗೆ ಚಳಿಜ್ವರ ಬರುತ್ತಿದ್ದುದು ದಿನ ಬಿಟ್ಟು ದಿನ, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ. ವಟೋಕಾ ನದಿಯ ದಡದ ಆ ಒಂಬತ್ತು ದಿಮ್ಮಿಮನೆಗಳಿಗೆಲ್ಲ ಇದ್ದದ್ದು ಒಂದೇ ಗಡಿಯಾರ. ಅದು ನಿಂತಾಗ ಜನ ಅಬ್ನರನ ಹಲ್ಲು ಕಟಕಟಿಸುವುದನ್ನು ಕೇಳಿ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಅಲ್ಲಿ ನಡುಗದವರೇ ಇಲ್ಲ, ಎಲ್ಲರಿಗೂ ಅವರವರ ಸರದಿ. ಇವತ್ತು ನಡುಗುವವನ ಹಸುವನ್ನು ನಾಳೆ ನಡುಗುವವನು ಕರೆಯುತ್ತಿದ್ದ. ಮದುವೆಯ ದಿನವನ್ನೂ ಗಂಡುಹೆಣ್ಣಿನ ಸರದಿ ನೋಡಿಯೇ ಗೊತ್ತುಮಾಡುತ್ತಿದ್ದರು.

ಹೊಸ ಜಿಲ್ಲೆಗೆ ಕೇಂದ್ರ ಯಾವುದಾಗಬೇಕೆಂದು ನೋಡಲು ಮೂವರು ಕಮಿಷನರುಗಳು ಬರಬೇಕಾದ್ದು ಮಂಗಳವಾರ. ದಾರಿಯಲ್ಲಿ ಕುದುರೆಯ ಲಾಳ ಕಳಚಿತಂತೆ, ಬರುವುದು ಬುಧವಾರಕ್ಕೆ ಬಿತ್ತು. ಆ ಬುಧವಾರ ಹಗಲಿನಲ್ಲಿ ನಡುಗುವವನು ಇಡೀ ಊರಿಗೆ ಅಬ್ನರ್ ಒಬ್ಬನೇ.

ಬೆಳಿಗ್ಗೆ ಅಬ್ನರ್ ಮದುವೆಯ ಕೋಟು ತೊಟ್ಟು, ಒಂದು ತಿಂಗಳಿಂದ ಉರು ಹೊಡೆದ ಸ್ವಾಗತ ಭಾಷಣವನ್ನು ಹಸುವಿನ ಮುಂದೆ ಒಪ್ಪಿಸುತ್ತಿದ್ದ. ಆಗ ಅಂಗಡಿಯ ಕರ್ನಲ್ ಕ್ರಾಬ್ ಬಂದ. ಕರ್ನಲ್ ಎಂಬುದು ಅವನೇ ಇಟ್ಟುಕೊಂಡ ಪದವಿ, ಯುದ್ಧವನ್ನು ಅವನು ಕಂಡವನಲ್ಲ.

"ಅಬ್ನರ್, ಕೋಟು ಬಿಚ್ಚು. ನೀನು ಅವರ ಕಣ್ಣಿಗೆ ಬೀಳಬಾರದು," ಎಂದ ಕ್ರಾಬ್. "ಕಮಿಷನರುಗಳಲ್ಲಿ ದೊಡ್ಡವನು ಆ ಜಡ್ಜ್ ಹೋಬಾರ್ಟ್, ಅವನು ಮೊದಲು ಕೇಳೋದೇ ಊರಲ್ಲಿ ಚಳಿಜ್ವರ ಇದೆಯಾ ಅಂತ. ಒಬ್ಬ ನಡುಗಿದ್ರೂ ಕೇಂದ್ರ ಆಚೆ ದಡದವರ ಪಾಲು."

ಅಬ್ನರನಿಗೆ ಮೈಯೆಲ್ಲ ಉರಿದುಹೋಯಿತು. "ನಾನು ಬಚ್ಚಿಟ್ಕೋಬೇಕಾ? ಇಲ್ಲಿ ಮೊದಲ ಮರ ಕಡಿದವನು ಯಾರಯ್ಯ? ನೀನು ಉಪ್ಪಿನ ಪೀಪಾಯಿ ಉರುಳಿಸ್ಕೊಂಡು ಬಂದಾಗ ನಿನಗೆ ಮಲಗೋಕೆ ಜಾಗ ಕೊಟ್ಟವನು ಯಾರು? ನಿನ್ನೆ ನಿನ್ನ ಸರದಿ. ನಿನ್ನೆ ಅವರು ಬಂದಿದ್ರೆ ನಿನ್ನನ್ನೇ ಜೋಳದ ಕಣಜಕ್ಕೆ ಹಾಕಿ ಬೀಗ ಜಡೀತಿದ್ದೆ!"

"ನಿನ್ನೆ ಬರಲಿಲ್ಲವಲ್ಲ," ಎಂದ ಕ್ರಾಬ್, ತಣ್ಣಗೆ.

ಗಲಾಟೆ ಕೇಳಿ ಊರಿನ ನಾಟಿ ವೈದ್ಯೆ ಟ್ರೈಫೀನಾ ಅತ್ತೆ ಓಡಿಬಂದಳು. ಬಂದವಳೇ ಕಹಿಬೇರಿನ ಕಷಾಯವನ್ನು ಅಬ್ನರನ ಬಾಯಿಗೆ ಸುರಿದಳು. "ಬಚ್ಚಿಡೋದಲ್ಲ ಕಣೋ ಇದು, ಮದ್ದು! ಜ್ವರ ಹುಡುಕ್ಕೊಂಡು ಬರೋ ಹೊತ್ತಿಗೆ ನೀನು ಮನೇಲಿ ಇರಬಾರದು. ಬಂದು ನೋಡ್ತದೆ, ಇಲ್ಲ ಅಂತ ವಾಪಸ್ ಹೋಗ್ತದೆ. ನಮ್ಮ ಅಪ್ಪ ಹೀಗೇ ವಾಸಿ ಆಗಿದ್ದು."

ಅಷ್ಟಕ್ಕೇ ಬಿಡದೆ ಇದ್ದಿಲು ತೆಗೆದುಕೊಂಡು 'ಅಬ್ನರ್ ಮನೆಯಲ್ಲಿಲ್ಲ' ಎಂದು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಳು. ಜ್ವರಕ್ಕೆ ಓದು ಬರುತ್ತದೆಯೇ ಎಂದು ಅಬ್ನರ್ ಕೇಳಿದ. "ನಿನಗಿಂತ ಚೆನ್ನಾಗಿ ಬರ್ತದೆ," ಎಂದಳು ಅತ್ತೆ.

ಹೆಂಡತಿ ಕೆಜಾಯಾ ಏನಾದರೂ ತನ್ನ ಪರ ನಿಲ್ಲುತ್ತಾಳೇನೋ ಎಂದು ಅಬ್ನರ್ ಅತ್ತ ನೋಡಿದ. ಅವಳು ಆಗಲೇ ಕೋಟಿನ ಗುಂಡಿ ಬಿಚ್ಚುತ್ತಿದ್ದಳು. "ಹೋಗಿ ಬನ್ರೀ. ಕೋರ್ಟು ಬರ್ತದೆ, ಅಂಚೆ ಬರ್ತದೆ, ಹಡಗು ನಿಲ್ತದೆ. ಒಂದು ದಿನ ಜೊಂಡಿನಲ್ಲಿ ಕೂತ್ರೆ ನಿಮ್ಮ ಗಂಟೇನು ಹೋಗ್ತದೆ?"

"ಹೆಸರು!" ಎಂದು ಕೂಗಿದ ಅಬ್ನರ್. "ಊರಿಗೆ ನನ್ನ ಹೆಸರಿಡ್ತೀವಿ ಅಂತ ಮಾತು ಕೊಟ್ಟಿದ್ರಿ. ನಾನು ಎದುರಿಗಿಲ್ಲದಿದ್ರೆ ಯಾರಿಗೆ ನೆನಪಿರ್ತದೆ?"

ಇದು ಮಾತ್ರ ಅವನಿಗೆ ತಮಾಷೆಯ ಮಾತಾಗಿರಲಿಲ್ಲ. ಅವನ ಅಪ್ಪ, ಅಜ್ಜ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದು, ಗೋರಿಗೊಂದು ಕಲ್ಲೂ ಇಲ್ಲದೆ ಮಣ್ಣಾಗಿದ್ದರು. ಪೀಸ್ಲಿವಿಲ್ ಎಂಬ ಒಂದು ಊರು ನಕ್ಷೆಯ ಮೇಲೆ ಬಿದ್ದರೆ ಸಾಕು, ಜನ್ಮವಿಡೀ ನಡುಗಲು ಅವನು ತಯಾರಿದ್ದ. ಕ್ರಾಬ್ ಬೈಬಲ್ ತರಿಸಿ, ಅದರ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ. ಒಂಬತ್ತು ಮನೆಯವರೂ ಮಾಡಿದರು. ಆಮೇಲೆ ಅಬ್ನರನನ್ನು ದೋಣಿಯಲ್ಲಿ ಹಾಕಿ, ಆಚೆ ದಡದ ಜೊಂಡಿನಲ್ಲಿ ಇಳಿಸಿ, ದೋಣಿ ತೆಗೆದುಕೊಂಡು ಹೊರಟೇಹೋದರು. ಎಂಥ ಜನ! ಒಂದು ರೊಟ್ಟಿ ಕೊಟ್ಟು ಹೋಗಬೇಕೆಂದೂ ಯಾರಿಗೂ ತೋಚಲಿಲ್ಲ.

ಆಚೆ ದಡದಲ್ಲಿ ಗ್ರಿಗ್ಸ್ ಎಂಬುವನು ನ್ಯೂ ಬ್ಯಾಬಿಲನ್ ಎಂಬ ಮಹಾನಗರ ಕಟ್ಟಲು ಹೊರಟಿದ್ದ. ಸದ್ಯಕ್ಕೆ ಅಲ್ಲಿದ್ದದ್ದು ಮೂರು ಗುಡಿಸಲು, ಒಂದು ಹಂದಿ. ಕಮಿಷನರುಗಳು ಮೊದಲು ಈಚೆ ದಡಕ್ಕೆ ಬಂದು, ಸಂಜೆಗೆ ಬ್ಯಾಬಿಲನ್ನಿಗೆ ಹೋಗುವರೆಂದು ಎಲ್ಲರ ಲೆಕ್ಕ. ಆದರೆ ಲಾಳ ಕಟ್ಟಿದ ಕಮ್ಮಾರ ಅವರಿಗೆ ಬೇರೆ ದಾರಿ ತೋರಿಸಿದ್ದ. ಹನ್ನೆರಡರ ಹೊತ್ತಿಗೆ ಅವರು ಬ್ಯಾಬಿಲನ್ನಿನ ದಡದಲ್ಲೇ ಕೂತು ಗ್ರಿಗ್ಸನ ಹಂದಿಮಾಂಸ ತಿನ್ನುತ್ತಿದ್ದರು.

ಹನ್ನೆರಡಾಯಿತು. ಜ್ವರಕ್ಕೆ ಓದು ಬರದಿದ್ದರೂ ಈಜು ಬರುತ್ತಿತ್ತೆಂದು ಕಾಣುತ್ತದೆ. ಗಾಳಿಯ ಸುಳಿವಿಲ್ಲ, ಜೊಂಡೆಲ್ಲ ಗಡಗಡ ಅಲುಗಾಡತೊಡಗಿತು.

"ಕರಡಿ!" ಎಂದು ಜಡ್ಜ್ ಬಂದೂಕು ಎತ್ತಿದ.

"ಹೊ-ಹೊ-ಹೊಡೀಬೇಡಿ!" ಎನ್ನುತ್ತ ಅಬ್ನರ್ ಕೈಯೆತ್ತಿ ಹೊರಗೆ ಬಂದ. ಮೊಣಕಾಲವರೆಗೆ ಕೆಸರು, ತಲೆಯ ತುಂಬ ಜೊಂಡು, ಗದ್ದಕ್ಕೂ ತುಟಿಗೂ ಜಗಳ.

ಗ್ರಿಗ್ಸ್ ಹಾರಿಬಿದ್ದ. "ಜಡ್ಜ್ ಸಾಹೇಬ್ರೆ, ಇವನು ನಮ್ಮೂರಿನವನೇ ಅಲ್ಲ! ಯಾರೋ ಹೆಸರು ದೆಸೆಯಿಲ್ಲದ ಅಲೆಮಾರಿ!"

ತೆಪ್ಪಗಿದ್ದಿದ್ದರೆ ಆಗುತ್ತಿತ್ತು. ಆದರೆ ಹೊಟ್ಟೆ ಖಾಲಿ, ಮೈಯಲ್ಲಿ ನಡುಕ, ಮೇಲೆ ಈ ಮಾತು. ಯಾವ ಮನುಷ್ಯ ಸಹಿಸುತ್ತಾನೆ? "ಹೆ-ಹೆಸರಿಲ್ಲದವನಾ? ಈ ನದೀ ದಡದಲ್ಲಿ ಮೊದಲು ಮ-ಮನೆ ಕಟ್ಟಿದವನು ನಾನು! ನಾಲ್ಕು ವರ್ಷದಿಂದ ಇಲ್ಲೇ ನ-ನಡುಗ್ತಾ ಇದೀನಿ! ಅಬ್ನರ್ ಪೀಸ್ಲಿ! ಬರಕೊಳ್ಳಿ!"

ಜಡ್ಜ್ ಬರೆದುಕೊಂಡ. ಎರಡು ಸಲ ಅಕ್ಷರ ಕೇಳಿ ಬರೆದುಕೊಂಡ. ಆಮೇಲೆ ಪುಸ್ತಕ ಮುಚ್ಚಿ, ಅರ್ಧ ತಿಂದ ಊಟ ಬಿಟ್ಟು, ಮೂವರೂ ನದಿ ದಾಟಿಬಿಟ್ಟರು. ಗ್ರಿಗ್ಸ್ ಹಾಕಿದ ಶಾಪವನ್ನು ಇಲ್ಲಿ ಬರೆಯುವಂತಿಲ್ಲ.

ಚಳಿ ಬಿಟ್ಟು, ಜ್ವರ ಏರಿ, ಬೆವರಿ ಇಳಿಯುವ ಹೊತ್ತಿಗೆ ಬಿಸಿಲು ಬಾಗಿತ್ತು. ಈಚೆ ದಡದಲ್ಲಿ ಬಂದೂಕಿನ ಸದ್ದು, ಕೇಕೆ ಕೇಳಿಸಿತು. ಗೆದ್ದೆವು! ಅಬ್ನರ್ ಗಂಟಲು ಹರಿಯುವಂತೆ ಕೂಗಿದ ಮೇಲೆ ಕ್ರಾಬ್ ದೋಣಿ ತಂದ.

"ಪೀಸ್ಲಿವಿಲ್ ಆಯ್ತಲ್ಲ?" ಎಂದ ಅಬ್ನರ್, ಕೂರುವುದಕ್ಕೂ ಮೊದಲೇ.

ಕ್ರಾಬ್ ಹುಟ್ಟು ಹಾಕುವುದರಲ್ಲೇ ಮುಳುಗಿದ್ದ. "ಪ್ರಮಾಣ ಮಾಡಿದ್ನಲ್ಲ, ಹೇಳಿದೆ ಕಣಯ್ಯ. ಜಡ್ಜ್ ಕೂತಲ್ಲಿಂದ ಎದ್ದುಬಿಟ್ಟ. ಪೀಸ್ಲಿಯಾ? ಅದು ಆಚೆ ದಡದ ಜ್ವರದವನ ಹೆಸರು, ಆ ಹೆಸರಿನ ಊರಲ್ಲಿ ಯಾವನು ಮನೆ ಕಟ್ತಾನೆ ಅಂದ. ಏನೋ ಒಂದು ಹೆಸರು ಬರೀಲೇಬೇಕಿತ್ತು."

"ಏನು ಬರೆದ್ರಿ?"

"ಕ್ರಾಬ್‌ವಿಲ್," ಎಂದ ಕ್ರಾಬ್, ನೀರು ನೋಡುತ್ತ.

ದೋಣಿ ದಡ ಮುಟ್ಟುವ ಮೊದಲೇ ಅಬ್ನರ್ ನೀರಿಗೆ ಹಾರಿ, ನೇರ ಜಡ್ಜ್ ಕೂತಿದ್ದ ಮೇಜಿನ ಬಳಿಗೆ ನುಗ್ಗಿದ. "ಸ್ವಾಮಿ, ಮೋಸ! ನಾನು..." ಎಂದವನು ಸುತ್ತ ನೋಡಿದ. ಒಂಬತ್ತು ಮನೆಯವರೂ ಉಸಿರು ಹಿಡಿದು ನಿಂತಿದ್ದರು. 'ಈ ದಡದವನು' ಎಂದು ಒಂದು ಮಾತು ಆಡಿದರೆ ಕೋರ್ಟು ಹೋಯಿತು, ಅಂಚೆ ಹೋಯಿತು, ಹಡಗು ಹೋಯಿತು. ಟ್ರೈಫೀನಾ ಅತ್ತೆ ಅವನ ಕಾಲನ್ನು ಬಲವಾಗಿ ಮೆಟ್ಟಿದಳು. ಅವನು ಬಾಯಿ ಮುಚ್ಚಿಕೊಂಡ.

ಜಡ್ಜನಿಗೆ ಅಯ್ಯೋ ಎನಿಸಿತು. "ನೀನಾ ಪೀಸ್ಲಿ? ಇಷ್ಟು ದೂರ ಯಾಕೆ ಬಂದ್ಯಪ್ಪ, ಈ ಮೈಯಲ್ಲಿ? ನಿನ್ನ ನಾನು ಮರೆತಿಲ್ಲ, ನೋಡಿಲ್ಲಿ." ಅವನು ನಕ್ಷೆ ಬಿಡಿಸಿದ. ಆಚೆ ದಡದಲ್ಲಿ, ಜೊಂಡು ಇದ್ದ ಕಡೆ, ಅಳಿಸಲಾಗದ ಶಾಯಿಯಲ್ಲಿ 'ಪೀಸ್ಲಿ ಜೌಗು' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಕ್ರಾಬ್‌ವಿಲ್ಲಿಗಿಂತ ದೊಡ್ಡದಾಗಿಯೇ ಇತ್ತು.

ಜಡ್ಜ್ ಆ ರಾತ್ರಿ ಅಲ್ಲೇ ತಂಗುವವನಿದ್ದ. "ಕರ್ನಲ್, ಈ ಪಾಪದವನನ್ನ ಕತ್ತಲಾಗೋ ಮುಂಚೆ ಅವನ ಊರಿಗೆ ಬಿಟ್ಟು ಬನ್ನಿ," ಎಂದ.

"ಬನ್ನಿ ಪೀಸ್ಲಿಯವರೇ," ಎಂದ ಕ್ರಾಬ್, ಜಡ್ಜ್ ನೋಡುತ್ತಿದ್ದುದರಿಂದ ಬಹಳ ಮರ್ಯಾದೆಯಿಂದ.

ಅಬ್ನರ್ ದೋಣಿ ಹತ್ತಿದ. ಜಡ್ಜ್ ದಡದವರೆಗೂ ಬಂದು ನಿಂತ. ಕೆಜಾಯಾ ಗುಂಪಿನಿಂದ ಮುಂದೆ ಬಂದು, ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿಯನ್ನು ಗಂಡನ ಮಡಿಲಿಗೆ ಹಾಕಿದಳು.

"ದಾರೀಲಿ ತಿನ್ನಣ್ಣ," ಎಂದಳು.